ಪಾರ್ಚ್‌ಮೆಂಟ್ ಕಚ್ಚಿದ ದವಡೆ

ಜನವರಿ ಹದಿನೇಳು, ಬೆಳಿಗ್ಗೆ ಎಂಟೂವರೆ. ದವಡೆ ಸರಿಪಡಿಸುವ ಆಪರೇಷನ್ ಆಗಿ ಅಂದಿಗೆ ಅರವತ್ತೆರಡು ದಿನ. ಗೋಣಿಬೀಡಿನ ನಮ್ಮ ಕಣದಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರಡಿತ್ತು.

"ಕಚ್ ನೋಡು ಮಾರಾಯ, ಒಣಗಿದ್ಯಾ," ಎಂದು ಚಿಕ್ಕಪ್ಪ ಒಂದು ಕಾಳು ಕೊಟ್ಟರು. ಗಟ್ಟಿಯಾದದ್ದನ್ನು ಕಚ್ಚಬಾರದೆಂದು ಡಾಕ್ಟರ್ ಹೇಳಿದ್ದು ಮರೆತು, ಪ್ರತಿ ವರ್ಷದಂತೆ ಕಚ್ಚಿದೆ. ಟಕ್ ಎಂದಿತು.

"ಸದ್ದು ಬಂತಲ್ಲ, ಒಣಗಿದೆ ಬಿಡು," ಎಂದರು ಚಿಕ್ಕಪ್ಪ.

ಕಾಳಿನ ಮೇಲೆ ಹಲ್ಲಿನ ಗುರುತು ಮೂಡಿತ್ತು, ಅದಿನ್ನೂ ಹಸಿ. ಸದ್ದು ಬಂದದ್ದು ಬಲಗಿವಿಯ ಮುಂದಿನ ನನ್ನ ದವಡೆಯ ಕೀಲಿನಿಂದ.

ಆ ವಾರ ಕೀಲು ದಿನಕ್ಕೆ ಮೂರು ಸಲ ಹಾಗೆ ಟಕ್ ಎನ್ನುತ್ತಿತ್ತು. ಈಗ ಹತ್ತೊಂಬತ್ತು ಸಲ ಆಗುತ್ತಿದೆ, ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳು ಕೂಡುವುದಿಲ್ಲ. ಆಪರೇಷನ್ ನಂತರ ಕೀಲು ತುಸು ಸರಿಯುವುದುಂಟು, ಆದರೆ ಇಷ್ಟಲ್ಲ ಎಂದು ಡಾಕ್ಟರ್ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟಿದ್ದಾರೆ. ಹೀಗೆ ಸರಿದ ಕೀಲು ಇನ್ನೂ ಸರಿಯದೆ ತಾನಾಗಿ ನಿಂತದ್ದನ್ನು ಬಲ್ಲವರಿದ್ದರೆ ನನಗೆ ಬರೆಯಿರಿ.