ಲಾಂಚಿನ ಹಾಡಿಗೆ ಇಳಿಸಿದ ಶ್ರುತಿ

ನಾನೂ ನನ್ನ ಸಂಗೀತದ ಗೆಳತಿಯೂ ಹೈಸ್ಕೂಲು ಮಕ್ಕಳಿಗೆ ಶಿಬಿರ ನಡೆಸುತ್ತೇವೆ. ಒಮ್ಮೆ ಸಾಗರ, ಒಮ್ಮೆ ಹೊಸನಗರ, ಆಮೇಲೆ ತೀರ್ಥಹಳ್ಳಿ. ನಾನು ಬರೆಸುತ್ತೇನೆ, ಅವಳು ಅದಕ್ಕೆ ರಾಗ ಹಾಕಿಸುತ್ತಾಳೆ. ನಮ್ಮದು ಒಂದೇ ಕಟ್ಟುಪಾಡು: ಬರೆದವರೇ ಮೊದಲ ಸಾಲು ಹಾಡಬೇಕು, ಉಳಿದವರು ಆಮೇಲೆ ದನಿಗೂಡಿಸಬೇಕು. ಬರೆದದ್ದನ್ನು ಬೇರೆಯವರ ತಲೆಗೆ ಕಟ್ಟುವ ಜಾಣತನ ನನಗೆ ಆಗಿಬರುವುದಿಲ್ಲ.

ಸಾಗರದ ಶಿಬಿರಕ್ಕೆ ಹಿನ್ನೀರಿನ ಆಚೆ ದಡದಿಂದ ಒಬ್ಬ ಹುಡುಗ ಬರುತ್ತಿದ್ದ. ಒಂಬತ್ತನೇ ಕ್ಲಾಸು, ಮೂಗಿನ ಕೆಳಗೆ ಮಸಿ ತಾಗಿದಷ್ಟು ಮೀಸೆ. ಚಿಕ್ಕಂದಿನಲ್ಲಿ ನನ್ನ ಗೆಳತಿಯ ಹತ್ತಿರವೇ ಹಾಡು ಕಲಿತು, ಹೋದಲ್ಲೆಲ್ಲ ಬಹುಮಾನ ಹೊಡೆದವನು. ಅಪ್ಪ ತೀರಿಕೊಂಡ ಮೇಲೆ ಅವನ ಹಾಡೇ ಅಮ್ಮನಿಗೆ ಜೀವವಾಗಿತ್ತು. ಅವನನ್ನು ಸ್ಕೂಟಿಯಲ್ಲಿ ಬಿಡಲು ಬಂದಾಗಲೆಲ್ಲ ಅವರು ಫೋನಿನಲ್ಲಿದ್ದ ಹಳೆಯ ರೆಕಾರ್ಡಿಂಗ್ ಹಾಕಿ ನಮಗೆ ಕೇಳಿಸುತ್ತಿದ್ದರು. ಸಣ್ಣ, ಎತ್ತರದ ದನಿ; ಮೈ ಜುಮ್ಮೆನ್ನುತ್ತಿತ್ತು. ಅದು ಶುರುವಾದ ಕೂಡಲೇ ಹುಡುಗ ಒಳಗೆ ನುಸುಳಿಬಿಡುತ್ತಿದ್ದ.

ಅವನ ದನಿ ಒಡೆದಿತ್ತು. ಮಾತಾಡಿದರೆ ಗೊತ್ತಾಗಿಬಿಡುತ್ತದೆಂದು ಮನೆಯಲ್ಲಿ ಹೂಂ, ಉಹೂಂನಲ್ಲೇ ಕಾಲ ತಳ್ಳುತ್ತಿದ್ದನಂತೆ.

ಅವನು ಬರೆದದ್ದು ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಮೇಲೆ. ಸೇತುವೆಯಾದ ಮೇಲೆ ಲಾಂಚನ್ನು ಕೇಳುವವರಿಲ್ಲ, ಆದರೂ ಸಂಜೆಯಾದರೆ ತನ್ನ ಕಿವಿ ಅದರ ಇಂಜಿನ್ನಿನ ಸದ್ದಿಗೆ ಕಾಯುತ್ತದೆ ಎಂದು. ಓದಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಹಾಡುವ ಸರದಿ ಬಂದಾಗ ಗೆಳತಿ ಅಭ್ಯಾಸಬಲದಿಂದ ಫೋನಿನ ತಂಬೂರಿಯನ್ನು ಅವನ ಹಳೆಯ ಶ್ರುತಿಗೇ ಇಟ್ಟಳು. ಮೊದಲ ಪದಕ್ಕೇ ದನಿ ಕೀರಲಾಗಿ ಮುರಿಯಿತು. ಹುಡುಗಿಯರು ಕಿಸಕ್ಕೆಂದರು. ಅವನು ಎದ್ದುಹೋಗಿ ಹೊರಗಿನ ಜಗಲಿಯಲ್ಲಿ ಕೂತ. ನಾನು ಹಿಂದೆಯೇ ಹೋದೆ.

"ನನ್ ಹಾಡು ಹೋಯ್ತು ಟೀಚರ್," ಎಂದ. "ಅಮ್ಮಂಗೆ ಹೇಳ್ಬೇಡಿ. ಅವ್ಳಿಗೆ ಅದೊಂದೇ ಇರೋದು."

ಸಮಾಧಾನ ಹೇಳುವ ಕಲೆ ನನಗಿಲ್ಲ. ಒಳಗೆ ಬಂದು ಗೆಳತಿಯ ಮೇಲೆ ರೇಗಿದೆ: ಹೋದ ವರ್ಷದ ಅಂಗಿಯನ್ನು ಈ ವರ್ಷ ತೊಡಿಸಿದರೆ ಹೊಲಿಗೆ ಬಿಡದೆ ಇರುತ್ತದೆಯೇ? ಅವಳು ಹಣೆ ಚಚ್ಚಿಕೊಂಡಳು. ಅವನನ್ನು ಕರೆತಂದು, ಅದೂ ಇದೂ ಮಾತಾಡಿಸುತ್ತ, ಶ್ರುತಿಯನ್ನು ಅವನ ಮಾತಿನ ಮಟ್ಟಕ್ಕೆ ಇಳಿಸಿದಳು. ಈ ಹಾಡಿಗೆ ಎಲ್ಲರಿಗೂ ಇದೇ ಶ್ರುತಿ ಎಂದಳು. ಹುಡುಗಿಯರು ಗೊಣಗಿದರು, ಅಷ್ಟು ಕೆಳಗೆ ಅವರ ದನಿ ಗಂಟಲು ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಆದರೂ ಬಿಡದೆ ಅಭ್ಯಾಸ ಮಾಡಿದರು, ಅದರಲ್ಲೂ ನಕ್ಕವರೇ. ಆ ಮಕ್ಕಳ ಮೇಲೆ ನನಗೆ ಅಕ್ಕರೆ ಉಕ್ಕಿತು. ಅದನ್ನು ಕಂಡು, ಅಮ್ಮನೆದುರು ಹಾಡಲು ಅವನೂ ಒಪ್ಪಿದ.

ಕೊನೆಯ ದಿನ ಮನೆಯವರೆಲ್ಲ ಬಂದರು. ಅವನ ಅಮ್ಮ ಮುಂದಿನ ಸಾಲಿನಲ್ಲೇ ಫೋನ್ ಹಿಡಿದು ಕೂತರು. ಅವನು ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿಕೊಂಡ. ದಪ್ಪ ದನಿ, ಅಲ್ಲಲ್ಲಿ ಒರಟು. ಒಂದು ಕಡೆ ತಪ್ಪಿತು ಕೂಡ. ಅಮ್ಮ ಬೆಚ್ಚಿಬಿದ್ದರು. ಫೋನ್ ಹಿಡಿದ ಕೈ ಮಡಿಲಿಗೆ ಇಳಿಯಿತು. ಅವರಿಗೆ ಇದ್ದದ್ದೊಂದನ್ನೂ ಕಿತ್ತುಕೊಂಡೆವೇನೋ ಎಂದುಕೊಂಡೆ.

ಮಕ್ಕಳೆಲ್ಲ ಅವಲಕ್ಕಿ ತಿನ್ನಲು ಓಡಿದ ಮೇಲೆ ಅವರು ನನ್ನ ಹತ್ತಿರ ಬಂದರು. ರೆಕಾರ್ಡ್ ಮಾಡುವುದೇ ಮರೆತುಹೋಯಿತು ಎಂದರು. ಇನ್ನೊಮ್ಮೆ ಹಾಡಿಸೋಣ ಎಂದೆ. ಬೇಡವೆಂದು ತಲೆಯಾಡಿಸಿ ಕಣ್ಣೊರೆಸಿಕೊಂಡರು.

"ಇನ್ಮೇಲೆ ಮನೇಲೇ ಇರುತ್ತಲ್ಲ ಟೀಚರ್. ಅವ್ನ ಅಪ್ಪಂದೇ ದನಿ ಅದು."