ಗಂಡ ಬಿಟ್ಟವಳು

ಹರ್ಷಿತಾ ಕುಳಿತು ಮಾತಾಡಿದ್ದನ್ನು ನಾನು ನೋಡಿಲ್ಲ. ಫೋನ್ ಬಂದರೆ ಎದ್ದು ನಡೆಯುತ್ತಾಳೆ, ಚಹಾ ಕೊಟ್ಟರೆ ಕಿಟಕಿಯ ಬಳಿ ನಿಂತು ಕುಡಿಯುತ್ತಾಳೆ. ಊರು ಕುಂದಾಪುರದ ಕಡೆ. ಓದಲು ಪ್ರಾಗ್‌ಗೆ ಹೋಗಿ, ಅಲ್ಲಿನ ಚೆಕ್ ಹುಡುಗನೊಬ್ಬನನ್ನು ಮದುವೆಯಾಗಿ, ವಿಚ್ಛೇದನದ ನಂತರ ಮೆಲ್ಬರ್ನಿಗೆ ಬಂದಳು. ವೆರಿಬೀಯಲ್ಲಿ ವಾಸ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಒಂದು ಬಾಡಿಗೆ ಮನೆಗೆ ಪರದೆ ಕಟ್ಟಿ ಮುಗಿಯುವ ಮೊದಲೇ ಇನ್ನೊಂದನ್ನು ನೋಡಲು ಹೊರಡುವ ಹೆಂಗಸು.

ಸಿಡ್ನಿಯ ಎಪ್ಪಿಂಗ್‌ನಲ್ಲಿ ನನ್ನ ಪಕ್ಕದ ಅಪಾರ್ಟ್‌ಮೆಂಟಿನ ಸುಮುಖನೂ ಅವಳೂ ಮದುವೆಯಾಗಲು ನಿರ್ಧರಿಸಿದ್ದರು. ಉಳಿದದ್ದು ಅವನ ತಾಯಿ ಜಯಾ ಅವರ ಒಪ್ಪಿಗೆ. ಅದಿಲ್ಲದೆ ಸುಮುಖ ಹೆಜ್ಜೆ ಎತ್ತುವವನಲ್ಲ.

ಹರ್ಷಿತಾ ಊಟಕ್ಕೆ ಬರಬೇಕಿದ್ದ ಶನಿವಾರ ಬೆಳಿಗ್ಗೆಯೇ ಜಯಾ ನನ್ನ ಬಾಗಿಲಿಗೆ ಬಂದರು.

"ಮೇಡಂ, ವೆರಿಬೀಯ ವಾಸಂತಿ ಫೋನ್ ಮಾಡಿದ್ಲು. ಈ ಹುಡುಗಿ ಗಂಡ ಬಿಟ್ಟವಳಂತೆ."

"ವಿಚ್ಛೇದನ ಆಗಿದೆ ಅಂತ ಅವಳೇ ಹೇಳಿದ್ದಾಳಲ್ಲ."

"ಅದಲ್ಲ ಮಾರಾಯ್ರೆ. ಗಂಡ ಇವಳನ್ನು ಬಿಟ್ಟನಾ, ಇವಳೇ ಗಂಡನನ್ನು ಬಿಟ್ಟಳಾ? ಅವನು ಬಿಟ್ಟಿದ್ರೆ ಪಾಪದ ಹುಡುಗಿ, ಮನೆ ತುಂಬಿಸಿಕೊಳ್ತೇನೆ. ಇವಳೇ ಬಿಟ್ಟಿದ್ರೆ ನಾಳೆ ನನ್ನ ಮಗನ ಗತಿ?"

ಕನ್ನಡದ ಆ ಮಾತು ಎರಡೂ ಕಡೆಗೆ ವಾಲುತ್ತದೆ. ಆಡುಮಾತಿನಲ್ಲಿ 'ಗಂಡನನ್ನು' ಎಂಬುದರ 'ಅನ್ನು' ಬಿದ್ದುಹೋದರೆ ಬಿಟ್ಟವರು ಯಾರೆಂದು ತಿಳಿಯದು. ನಾನು ಹಿಂದೆ ಚೆಕ್ ಭಾಷೆ ಕಲಿಸುತ್ತಿದ್ದವಳಾದ್ದರಿಂದ, ಆ ಭಾಷೆಯ ಮಾತೇನಾದರೂ ಬಂದರೆ ಬೇಕಾದೀತೆಂದು ಜಯಾ ನನ್ನನ್ನೂ ಊಟಕ್ಕೆ ಕರೆದರು.

ಹರ್ಷಿತಾ ವಿಮಾನ ಇಳಿದು ನೇರವಾಗಿ ಬಂದಳು. ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೂ ಬಾಲ್ಕನಿಗೂ ಓಡಾಡಿದಳು.

"ಕೂತ್ಕೊಳ್ಳೇ, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ?" ಎಂದ ಜಯಾ, ಅದೇ ಉಸಿರಿನಲ್ಲಿ ಆ ಪ್ರಶ್ನೆಯನ್ನೂ ಕೇಳಿಬಿಟ್ಟರು.

ಹರ್ಷಿತಾ ನಕ್ಕಳು. "ಅವರ ಭಾಷೆಯಲ್ಲಿ ನಾನು ರೊಜ್ವೆದೆನಾ, ಆಂಟಿ."

"ಅಂದ್ರೆ?" ಜಯಾ ನನ್ನತ್ತ ತಿರುಗಿದರು.

"ಬೇರ್ಪಡಿಸಲ್ಪಟ್ಟವಳು. ಕರ್ಮಣಿ ಕೃದಂತ."

"ಯಾರು ಬೇರ್ಪಡಿಸಿದ್ದು?"

"ಅದನ್ನು ಆ ರೂಪ ಹೇಳುವುದಿಲ್ಲ. ಯಾರು ಯಾರನ್ನು ಬಿಟ್ಟರೂ ಹೆಂಗಸು ರೊಜ್ವೆದೆನಾ."

"ಒಳ್ಳೇ ಭಾಷೆ! ವಕೀಲರಿಗೆ ಹೇಳಿ ಮಾಡಿಸಿದ್ದು."

ಸುಮುಖನ ಮುಖ ಹಗುರಾಯಿತು. ಆ ಪದದ ಮರೆಯಲ್ಲಿ ನಿಂತಿದ್ದರೆ ಹರ್ಷಿತಾಳ ಮದುವೆ ನಡೆಯುತ್ತಿತ್ತು. ಜಯಾ ತಮಗೆ ಬೇಕಾದ ಅರ್ಥ ಮಾಡಿಕೊಳ್ಳಲು ಸಿದ್ಧರಿದ್ದರು. ಹರ್ಷಿತಾ ಬಾಲ್ಕನಿಯವರೆಗೆ ಹೋದಳು, ತಿರುಗಿ ಬಂದಳು, ತಟ್ಟೆ ಕೆಳಗಿಟ್ಟಳು.

"ಗಂಡನನ್ನು ಬಿಟ್ಟವಳು, ಆಂಟಿ. 'ಅನ್ನು' ಹಾಕ್ಕೊಳ್ಳಿ. ಅವನು ಹೊಡೀಲಿಲ್ಲ, ಕುಡೀಲಿಲ್ಲ. ಅವನ ಅಮ್ಮ ನನಗೆ ಏನಂದ್ರೂ ಅವನು ತುಟಿ ಬಿಚ್ತಿರಲಿಲ್ಲ. ಅದಕ್ಕೇ ಬಿಟ್ಟೆ."

"ಹಾಗಾದ್ರೆ ನನ್ನ ಮಗನನ್ನೂ ಬಿಡ್ತೀಯೇನು?"

ಅವಳು ಸುಮುಖನನ್ನು ನೋಡಿದಳು. ನಾವೂ ನೋಡಿದೆವು.

"ಅಮ್ಮಾ, ಸಾರು ಆರ್ತಾ ಇದೆ," ಎಂದ ಸುಮುಖ.

ಹರ್ಷಿತಾ ಚೀಲ ಎತ್ತಿಕೊಂಡಳು. "ಬಿಟ್ಟೆ, ಆಂಟಿ," ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಈಗ ವೆರಿಬೀಯಲ್ಲಿ ಮತ್ತೊಂದು ಮನೆ ಹುಡುಕುತ್ತಿದ್ದಾಳೆ. ಫೋನಿನಲ್ಲಿ ಮಾತಿಗಿಂತ ಹೆಜ್ಜೆಯ ಸದ್ದೇ ಹೆಚ್ಚು. ಜಯಾ ಎಪ್ಪಿಂಗ್‌ನಲ್ಲಿ ಸಿಕ್ಕವರಿಗೆಲ್ಲ ಅವಳನ್ನು 'ಸುಮುಖ ಬಿಟ್ಟವಳು' ಎನ್ನುತ್ತಾರೆ. 'ಅನ್ನು' ಸೇರಿಸಿ ಎಂದು ನಾನು ಅವರನ್ನು ತಿದ್ದಿ ನೋಡಿದೆ. ಸೇರಿಸುವುದಿಲ್ಲ.