ಗುರುವಪ್ಪಣ್ಣನ ಬಿಳಿ ಹುಲಿ

ಗುರುವಪ್ಪಣ್ಣನನ್ನು ವೇದಿಕೆ ಹತ್ತಿಸಿದ್ದು ನಾನೇ. ಕೋಪರಖೈರಣೆಯ ನಮ್ಮ ಕನ್ನಡ ಸಂಘದಲ್ಲಿ ಪ್ರತಿ ಗಣರಾಜ್ಯೋತ್ಸವಕ್ಕೂ ಅದದೇ ಭಾಷಣ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಇವರು ಹರೆಯದಲ್ಲಿ ನೌಕಾಪಡೆಯಲ್ಲಿದ್ದವರು. ಹಡಗಿನ ಮೇಲಿಂದಲೇ ಹಾರುವ ಯುದ್ಧವಿಮಾನಗಳ ಸ್ಕ್ವಾಡ್ರನ್, ನಂಬರು ಮುನ್ನೂರು, ಗುರುತು ಬಿಳಿ ಹುಲಿ. ಪೈಲಟ್ ಅಲ್ಲ ಮತ್ತೆ. ಇಳಿದ ವಿಮಾನ ಸಮುದ್ರಕ್ಕೆ ಜಾರದಂತೆ ಅದನ್ನು ಡೆಕ್ಕಿಗೆ ಸರಪಳಿಯಿಂದ ಬಿಗಿಯುವ ಕೆಲಸ. ನಿವೃತ್ತಿಯ ಮೇಲೆ ಠಾಣೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು.

"ಸ್ಕ್ವಾಡ್ರನ್ನಿನ ಇತಿಹಾಸ ಹೇಳಿ" ಎಂದಾಗ ಖುಷಿಯಿಂದ ಒಪ್ಪಿದ್ದರು. ವಾರ ಬಿಟ್ಟು ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದರು.

"ಯಾವುದರ ಇತಿಹಾಸ ಹೇಳುವುದು ಮಾರಾಯ್ರೆ? ಮೊದಲು ಸೀ ಹಾಕ್ ವಿಮಾನ. ಅದು ಹೋಯ್ತು, ಹ್ಯಾರಿಯರ್ ಬಂತು. ಅದೂ ಹೋಗಿ ಈಗ ಮಿಗ್. ನಮ್ಮ ವಿಕ್ರಾಂತ್ ಹಡಗನ್ನು ದಾರುಖಾನೆಯ ಹಡಗು ಒಡೆಯುವ ಯಾರ್ಡಿನಲ್ಲಿ ಗುಜರಿ ಮಾಡಿದ್ರು, ಟೀವಿ ಹಾಕಿದ್ರೆ ಅದೇ ಹೆಸರಿನ ಬೇರೆ ಹಡಗು ಉಂಟು. ಎಪ್ಪತ್ತೊಂದರ ಯುದ್ಧವೇ ದೊಡ್ಡ ಸಂಗತಿ, ಆಗ ನಾನು ಶಾಲೆಯಲ್ಲಿದ್ದೆ. ಆ ನಂಬರು, ಆ ಹುಲಿ ಬಿಟ್ರೆ ಹಳೆಯದು ಎಂತ ಉಳಿದಿದೆ? ಅದು ನನ್ನದು ಅಂತ ಜನರ ಮುಂದೆ ಹೇಗೆ ಹೇಳಲಿ?"

ಏನೂ ತೋಚದಾಗ ಎಲ್ಲರಿಗೂ ಹೇಳುವಂತೆ "ಚಾ ಕುಡಿಯಿರಿ" ಎಂದೆ.

ಗಣರಾಜ್ಯೋತ್ಸವದ ದಿನ ಅವರ ಮೊಮ್ಮಗಳು ಮಾನಸಿ ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತಿದ್ದಳು. ಇವರು ಸರಾಗವಾಗಿಯೇ ಶುರುಮಾಡಿದರು. ಎಪ್ಪತ್ತೊಂದರಲ್ಲಿ ವಿಕ್ರಾಂತ್‌ನಿಂದ ಹಾರಿದ ಸೀ ಹಾಕ್‌ಗಳು ಚಿತ್ತಗಾಂಗಿನ ಮೇಲೆ ಎರಗಿದ ಕಡೆಗೆ ಬಂದಾಗ ಮಾತು ನಿಂತಿತು. "ಇದು ನನ್ನದಲ್ಲ. ನಾನು ಆಗ ಇರಲಿಲ್ಲ" ಎಂದು ಮೈಕು ಕೆಳಗಿಟ್ಟು ಮೆಟ್ಟಿಲ ಕಡೆ ತಿರುಗಿದರು. ನನಗೆ ನಿಜಕ್ಕೂ ಸಂಕಟವಾಯಿತು.

ಮುಂದಿನ ಸಾಲಿನಿಂದ ಅವರ ಹೆಂಡತಿ ಅಕ್ಕು ಕೂತಲ್ಲೇ ಕೇಳಿದರು: "ಹೋಟೆಲಿನ ಹೊಸ ಅಡುಗೆಭಟ್ಟನಿಗೆ ಬೈಯುವಾಗ, ನಮ್ಮಲ್ಲಿ ಅರುವತ್ತೆರಡರಿಂದಲೂ ಸಾಂಬಾರು ಹೀಗೇ ಅಂತೀರಲ್ಲ. ಆಗ ನೀವು ಅಲ್ಲಿದ್ರಾ?"

ಸಭೆಯೆಲ್ಲ ನಕ್ಕಿತು. ಠಾಣೆಗೆ ಹೋದಾಗ ನಾವೆಲ್ಲ ಉಣ್ಣುವುದು ಅಲ್ಲೇ. ಹೋಟೆಲನ್ನು ಕಂಡಕ್ಟಿಂಗಿಗೆ, ಅಂದರೆ ನಡೆಸುವ ಗುತ್ತಿಗೆಗೆ, ಕೊಟ್ಟು ಕೊಟ್ಟು ಈಗ ನಡೆಸುವವರು ಬೇರೆಯೇ ಜನ. ಭಟ್ಟ ಒಡಿಶಾದವನು. ಬೋರ್ಡು ಮಾತ್ರ ಹಳೆಯದು. ಇದು ಅದೇ ಹೋಟೆಲಾ ಎಂದು ನಾವ್ಯಾರೂ ಇದುವರೆಗೆ ಕೇಳಿದ್ದಿಲ್ಲ.

ಗುರುವಪ್ಪಣ್ಣ ಮೆಟ್ಟಿಲಿನಿಂದಲೇ ವಾಪಸ್ ಹೋಗಿ ಮೈಕು ಎತ್ತಿಕೊಂಡು, ತಡವರಿಸುತ್ತಲೇ ಮಿಗ್‌ವರೆಗೂ ಹೇಳಿ ಮುಗಿಸಿದರು. ಚಪ್ಪಾಳೆ ಜೋರಾಗಿಯೇ ಬಿತ್ತು, ಅವರ ಮುಖದ ಗೊಂದಲ ಮಾತ್ರ ಹೋಗಿರಲಿಲ್ಲ. ಕೆಳಗಿಳಿದು ನನ್ನ ಕೈ ಹಿಡಿದರು.

"ಈಗಲೂ ಡೆಕ್ಕಿನಲ್ಲಿ ಸರಪಳಿ ಬಿಗೀತಾರಲ್ವಾ?"

"ನನಗೆ ಗೊತ್ತಿಲ್ಲ ಗುರುವಪ್ಪಣ್ಣ."

"ಬಿಗಿಯಲೇಬೇಕು" ಎಂದರು. ಹಿಡಿದ ಕೈ ಬಿಟ್ಟಿರಲಿಲ್ಲ. "ಯಾವ ವಿಮಾನವಾದ್ರೂ ಜಾರ್ತದೆ."